ಮರಳಿ ಬರುವ ನರ
ಕೊರಳಿನ ಅರಿವು ನಮ್ಮವರೆಗೆ ನಡೆದು ಬಂದ ದಾರಿ

ನಮ್ಮ ಮೊಹಲ್ಲಾದ ಮುಅಝ್ಝಿನ್ ಸಾಹೇಬರ ಅಝಾನ್ ಕೇಳುತ್ತಲೇ ನಾವು ಬೆಳೆದವರು. ಫಜ್ರ್ ಹೊತ್ತಿನಲ್ಲಿ ಅವರು ಧ್ವನಿ ಏರಿಸಿದರೆ, ಕರೆಂಟ್ ಇಲ್ಲದ ದಿನವೂ ಕೊನೆಯ ಬೀದಿಯವರೆಗೆ ಕೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಅವರ ಕುತ್ತಿಗೆಯ ಮುಂಭಾಗದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗ್ರಂಥಿಯ ಗಂಟು, ತೆಗೆಸಲೇಬೇಕು ಎಂದರು ವೈದ್ಯರು. ಆಪರೇಷನ್ ಆಯಿತು, ಗಾಯವೂ ಮಾಯಿತು. ಆದರೆ ಮನೆಗೆ ಬಂದ ಸಾಹೇಬರ ಬಾಯಿಂದ ಹೊರಟದ್ದು ಧ್ವನಿಯಲ್ಲ, ಬರೀ ಗಾಳಿ. ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ಸಲಾಮ್ ಹೇಳಿದವರಿಗೆ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು.

ಮೊಹಲ್ಲಾದಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ನಜರ್ ತಾಗಿದೆ ಎಂದರು ಕೆಲವರು. ಧ್ವನಿಪೆಟ್ಟಿಗೆಯನ್ನೇ ಕುಯ್ದುಬಿಟ್ಟಿದ್ದಾರೆ ಎಂದರು ಇನ್ನು ಕೆಲವರು. ಅವರ ಮಗ ಆಸ್ಪತ್ರೆಗೆ ಹೋಗಿ ಕೇಳಿದಾಗ, "ಅಲ್ಲೊಂದು ಸಣ್ಣ ನರ ಇದೆ, ಅದಕ್ಕೆ ಪೆಟ್ಟಾಗಿರಬಹುದು, ಕಾಯಬೇಕು" ಎಂಬ ಉತ್ತರ ಸಿಕ್ಕಿತು. "ಹೀಗೂ ಆಗಬಹುದು ಅಂತ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಒಂದು ಜುಮಾದ ದಿನ ನಮಾಝ್ ಮುಗಿಸಿ ಅಂಗಳದಲ್ಲಿ ನಿಂತಿದ್ದಾಗ ಇದೇ ಮಾತು ಬಂತು. ಕಾಲೇಜು ಓದುವ ಹುಡುಗನೊಬ್ಬ ಉತ್ಸಾಹದಿಂದ, "ಈ ನರಗಳನ್ನೆಲ್ಲ ಕಂಡುಹಿಡಿದದ್ದು ನಮ್ಮ ಇಬ್ನ್ ಸೀನಾ. ಯುರೋಪಿನವರು ಕದ್ದುಕೊಂಡರು ಅಷ್ಟೇ" ಎಂದ. ಹಿರಿಯರೊಬ್ಬರು ನಿಧಾನವಾಗಿ ಕೇಳಿದರು: "ಸಾವಿರ ವರ್ಷದ ಹಿಂದೆ ನಮ್ಮವರಿಗೆ ಗೊತ್ತಿದ್ದದ್ದು ಇಂದು ನಮ್ಮ ಮುಅಝ್ಝಿನ್ ಸಾಹೇಬರಿಗೇ ಗೊತ್ತಿರಲಿಲ್ಲವಲ್ಲ, ಬೇಟಾ?" ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ. ಆ ಎರಡು ಮಾತುಗಳ ನಡುವೆ ನಿಜವಾದ ಚರಿತ್ರೆ ಏನು ಎಂದು ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಡುಗ ಹೇಳಿದ್ದು ಪೂರ್ತಿ ನಿಜವಲ್ಲ. ಆದರೆ ನಿಜವಾಗಿ ನಡೆದದ್ದು ಅವನ ಹೆಮ್ಮೆಗಿಂತಲೂ ದೊಡ್ಡದು.

ಕೊರಳಿನ ಒಳಗೆ

ಚರಿತ್ರೆಗೆ ಹೋಗುವ ಮೊದಲು ಕುತ್ತಿಗೆಯ ಮುಂಭಾಗವನ್ನು ಒಮ್ಮೆ ಪದರ ಪದರವಾಗಿ ನೋಡೋಣ. ಚರ್ಮದ ಕೆಳಗೆ ಮೊದಲು ಸಿಗುವುದು ಕಾಗದದಷ್ಟು ತೆಳುವಾದ ಒಂದು ಸ್ನಾಯು. ಕ್ಷೌರ ಮಾಡಿಕೊಳ್ಳುವಾಗ ಕುತ್ತಿಗೆಯ ಚರ್ಮವನ್ನು ಬಿಗಿಯುತ್ತೇವಲ್ಲ, ಆಗ ಕೆಲಸ ಮಾಡುವುದು ಅದೇ. ಅದರ ಕೆಳಗೆ ಎರಡೂ ಬದಿಗೆ ಎರಡು ದಪ್ಪ ಸ್ನಾಯುಗಳಿವೆ. ಕಿವಿಯ ಹಿಂದಿನ ಎಲುಬಿನಿಂದ ಹೊರಟು ಎದೆಯ ಎಲುಬಿಗೆ ಬಂದು ಸೇರುತ್ತವೆ. ನಮಾಝಿನ ಕೊನೆಗೆ ಸಲಾಮ್ ಹೇಳುತ್ತಾ ಮುಖವನ್ನು ಬಲಕ್ಕೆ ತಿರುಗಿಸಿದಾಗ ಎಡಗಡೆ ಹಗ್ಗದಂತೆ ಎದ್ದು ಕಾಣುವುದು, ಎಡಕ್ಕೆ ತಿರುಗಿಸಿದಾಗ ಬಲಗಡೆ ಕಾಣುವುದು ಈ ಸ್ನಾಯುಗಳೇ.

ಇವೆರಡರ ನಡುವೆ, ಮಧ್ಯಭಾಗದಲ್ಲಿ, ರಿಬ್ಬನ್ನಿನಂಥ ನಾಲ್ಕು ಜೊತೆ ಸ್ನಾಯುಗಳಿವೆ. ನುಂಗುವಾಗ ಗಂಟಲಮಣಿ ಮೇಲೇರುತ್ತದೆ. ಅದನ್ನು ಮತ್ತೆ ಕೆಳಗೆಳೆದು ಜಾಗಕ್ಕೆ ತರುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು. ಇವುಗಳಿಗೆ ಅಪ್ಪಣೆ ತರುವ ನರಗಳು ಕುತ್ತಿಗೆಯ ಬೆನ್ನುಹುರಿಯಿಂದ ಹೊರಟು, ಒಂದು ಕುಣಿಕೆಯಾಗಿ ಬಾಗಿ ಬರುತ್ತವೆ. ಈ ರಿಬ್ಬನ್ ಸ್ನಾಯುಗಳನ್ನು ಸರಿಸಿದರೆ ಶ್ವಾಸನಾಳವನ್ನು ಅಪ್ಪಿಕೊಂಡು ಕುಳಿತ ಥೈರಾಯ್ಡ್ ಗ್ರಂಥಿ ಕಾಣುತ್ತದೆ. ಅದರ ಹಿಂದೆ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿಯಲ್ಲಿ, ಬಿಳಿಯ ದಾರದಂತೆ ಒಂದು ನರ ಮೇಲಕ್ಕೆ ಹತ್ತುತ್ತದೆ. ಮುಅಝ್ಝಿನ್ ಸಾಹೇಬರ ಅಝಾನ್ ನಿಂತಿದ್ದದ್ದು ಈ ದಾರದ ಮೇಲೆ.

ಈ ನರದ ದಾರಿಯೇ ವಿಚಿತ್ರ. ಮೆದುಳಿನಿಂದ ಹೊರಟ ದೊಡ್ಡ ನರವೊಂದು ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದು ಎದೆಗೆ ಇಳಿಯುತ್ತದೆ. ಅದರ ಕವಲೊಂದು ಎಡಭಾಗದಲ್ಲಿ ಹೃದಯದ ಮೇಲಿನ ಮಹಾಪಧಮನಿಯ ಕಮಾನನ್ನು ಕೆಳಗಿನಿಂದ ಬಳಸುತ್ತದೆ. ಬಲಭಾಗದಲ್ಲಿ ತೋಳಿಗೆ ಹೋಗುವ ಪಧಮನಿಯನ್ನು ಬಳಸುತ್ತದೆ. ಹಾಗೆ ಬಳಸಿ, ಬಂದ ದಿಕ್ಕಿಗೇ ಮರಳಿ ಮೇಲಕ್ಕೆ ಹತ್ತಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ತಾಯಿಯ ಗರ್ಭದಲ್ಲಿ ಶಿಶುವಿನ ಹೃದಯ ಮೊದಲು ರೂಪುಗೊಳ್ಳುವುದು ಕುತ್ತಿಗೆಯ ಸಮೀಪದಲ್ಲಿ. ಅದು ಎದೆಗೆ ಇಳಿಯುವಾಗ, ರಕ್ತನಾಳಕ್ಕೆ ಸಿಕ್ಕಿಕೊಂಡ ಈ ನರವೂ ಜೊತೆಗೆ ಕೆಳಗೆ ಬಾಗುತ್ತದೆ. ಉದ್ದ ಕುತ್ತಿಗೆಯ ಜಿರಾಫೆಯಲ್ಲಿ ಇದರ ದಾರಿ ಹಲವು ಮೀಟರ್.

ಧ್ವನಿತಂತುಗಳನ್ನು ತೆರೆಯುವುದು, ಮುಚ್ಚುವುದು ಈ ನರದ ಕೆಲಸ. ತಂತುವನ್ನು ಬಿಗಿದು ಸ್ವರವನ್ನು ಎತ್ತರಕ್ಕೇರಿಸುವ ಒಂದು ಸ್ನಾಯುವಿಗೆ ಮಾತ್ರ ಮೇಲಿನಿಂದ ಬೇರೊಂದು ಸಣ್ಣ ನರ ಬರುತ್ತದೆ. ಕೆಳಗಿನ ನರ ಒಂದು ಬದಿಯಲ್ಲಿ ಘಾಸಿಯಾದರೆ ಧ್ವನಿ ಒಡೆಯುತ್ತದೆ, ಗಾಳಿ ಸೋರುತ್ತದೆ. ಮೇಲಿನದು ಘಾಸಿಯಾದರೆ ಮಾತು ಬರುತ್ತದೆ, ಆದರೆ ಸ್ವರ ಮೇಲೇರುವುದಿಲ್ಲ. ಕೆಳಗಿನ ನರ ಎರಡೂ ಬದಿಯಲ್ಲಿ ಕೆಟ್ಟರೆ ಉಸಿರಾಟಕ್ಕೇ ಅಪಾಯ.

ರೋಮ್ ನಗರದಲ್ಲಿ ಒಂದು ಪರೀಕ್ಷೆ

ಈ ನರದ ಕೆಲಸವನ್ನು ಪ್ರಯೋಗ ಮಾಡಿ ತೋರಿಸಿದ ಮೊದಲಿಗರು ಗ್ಯಾಲನ್. ನಮ್ಮ ಯುನಾನಿ ಹಕೀಮರ ಬಾಯಲ್ಲಿ ಅವರು ಜಾಲೀನೂಸ್. ಈಗಿನ ತುರ್ಕಿಯಲ್ಲಿರುವ ಪೆರ್ಗಮಮ್ ಪಟ್ಟಣದಲ್ಲಿ ಕ್ರಿ.ಶ. 129ರಲ್ಲಿ ಹುಟ್ಟಿ, ರೋಮ್‌ನಲ್ಲಿ ಹೆಸರು ಮಾಡಿದ ಗ್ರೀಕ್ ವೈದ್ಯ. ಮುಸ್ಲಿಮರಲ್ಲ, ಅವರ ಕಾಲ ಪ್ರವಾದಿವರ್ಯರ (ಸ) ಕಾಲಕ್ಕಿಂತ ನಾಲ್ಕು ಶತಮಾನ ಹಿಂದಿನದು.

ಆಗ ಪಂಡಿತರಲ್ಲಿ ಒಂದು ದೊಡ್ಡ ವಾದವಿತ್ತು. ಮಾತು ಹುಟ್ಟುವುದು ಹೃದಯದಲ್ಲೋ ಮೆದುಳಿನಲ್ಲೋ? ಅರಿಸ್ಟಾಟಲ್‌ನ ಅನುಯಾಯಿಗಳೂ ಬೇರೆ ಕೆಲವು ತತ್ವಜ್ಞಾನಿಗಳೂ ಹೃದಯದಲ್ಲಿ ಎನ್ನುತ್ತಿದ್ದರು. ಧ್ವನಿ ಎದೆಯಿಂದ ಬರುತ್ತದೆ, ಎದೆಯಲ್ಲಿರುವುದು ಹೃದಯ, ಆದ್ದರಿಂದ ಬುದ್ಧಿಯ ಮನೆಯೂ ಅದೇ ಎಂಬುದು ಅವರ ತರ್ಕ. ವಾದದಿಂದ ವಾದವನ್ನು ಗೆಲ್ಲಲಾಗದು ಎಂದು ಗ್ಯಾಲನ್ ಪರೀಕ್ಷೆಯನ್ನೇ ಮಾಡಿ ತೋರಿಸಲು ಹೊರಟರು. ಬೊಯೆಥಸ್ ಎಂಬ ಅಧಿಕಾರಿ ಸಭೆ ಸೇರಿಸಿದ. ಪರೀಕ್ಷೆ ಶುರುವಾಗುವ ಮುನ್ನವೇ ಡಮಾಸ್ಕಸ್‌ನ ಅಲೆಕ್ಸಾಂಡರ್ ಎಂಬ ಪಂಡಿತ ಎದ್ದು, ಕಣ್ಣಿಗೆ ಕಂಡದ್ದನ್ನು ನಂಬಬೇಕೇ ಎಂಬುದು ಮೊದಲು ಇತ್ಯರ್ಥವಾಗಲಿ ಎಂಬರ್ಥದ ಮಾತಾಡಿದ. ಗ್ಯಾಲನ್ ಸಿಟ್ಟಿನಿಂದ ಎದ್ದು ಹೊರಟೇ ಹೋದರು. ಪರೀಕ್ಷೆ ನಡೆದದ್ದು ಆಮೇಲೆ, ಇನ್ನೊಂದು ಸಭೆಯಲ್ಲಿ.

ಧ್ವನಿಯ ಪರೀಕ್ಷೆಗೆ ಜೋರಾಗಿ ಕಿರುಚುವ ಪ್ರಾಣಿಯೇ ಬೇಕೆಂದು ಅವರು ಹಂದಿಯನ್ನು ಆರಿಸಿಕೊಳ್ಳುತ್ತಿದ್ದರು. ಜೀವಂತ ಪ್ರಾಣಿಯ ಕುತ್ತಿಗೆಯಲ್ಲಿ ಕೂದಲಿನಷ್ಟು ತೆಳುವಾದ ಆ ನರಗಳನ್ನು ಹುಡುಕಿ ದಾರದಿಂದ ಬಿಗಿದರು. ಕಿರುಚಾಟ ತಟ್ಟನೆ ನಿಂತಿತು. ಪ್ರಾಣಿ ಇನ್ನೂ ಒದ್ದಾಡುತ್ತಿತ್ತು, ಉಸಿರಾಡುತ್ತಿತ್ತು, ಧ್ವನಿ ಮಾತ್ರ ಇಲ್ಲ. ದಾರ ಸಡಿಲಿಸಿದರೆ ಧ್ವನಿ ಮರಳುತ್ತಿತ್ತು. ಮೂಕ ಪ್ರಾಣಿಗೆ ಕೊಟ್ಟ ಆ ನೋವನ್ನು ಇಂದು ಯಾರೂ ಸುಲಭವಾಗಿ ಒಪ್ಪಲಾರರು. ಆದರೆ ಅಂದು ಒಂದು ಸತ್ಯ ಹೊರಬಂತು. ಹೃದಯಕ್ಕೆ ಏನೂ ಆಗಿಲ್ಲ, ಧ್ವನಿಪೆಟ್ಟಿಗೆಗೂ ಏನೂ ಆಗಿಲ್ಲ. ಮೆದುಳಿನ ಅಪ್ಪಣೆ ತರುವ ದಾರಿ ಮುಚ್ಚಿದರೆ ಸಾಕು, ಧ್ವನಿ ಹೋಗುತ್ತದೆ.

ಗ್ಯಾಲನ್ ಇನ್ನೊಂದು ಪ್ರಸಂಗವನ್ನೂ ದಾಖಲಿಸಿದ್ದಾರೆ. ಹುಡುಗನೊಬ್ಬನಿಗೆ ಕುತ್ತಿಗೆಯಲ್ಲಿ ಗಂಡಮಾಲೆಯ ಗಂಟುಗಳಾಗಿದ್ದವು. ಶಸ್ತ್ರವೈದ್ಯನೊಬ್ಬ ರಕ್ತನಾಳ ಕತ್ತರಿಸೀತೆಂಬ ಭಯಕ್ಕೆ ಆಳದ ಪೊರೆಗಳನ್ನು ಉಗುರಿನಿಂದಲೇ ಹರಿದು ಗಂಟು ತೆಗೆದ. ಜೊತೆಗೆ ತನಗೆ ಅರಿವಿಲ್ಲದೆಯೇ ಆ ನರಗಳನ್ನೂ ಕಿತ್ತುಹಾಕಿದ. ಹುಡುಗನ ರೋಗ ಹೋಯಿತು, ಧ್ವನಿಯೂ ಹೋಯಿತು. ಇನ್ನೊಬ್ಬ ಹುಡುಗನಿಗೆ ಬೇರೊಬ್ಬ ವೈದ್ಯನ ಕೈಯಲ್ಲಿ ಒಂದೇ ಬದಿಯ ನರ ಘಾಸಿಯಾಗಿ ಅರ್ಧ ಧ್ವನಿ ಉಳಿಯಿತು. ಗಂಟಲಿಗೆ ಏನೂ ಆಗದೆ ಧ್ವನಿ ಹೋದದ್ದು ಹೇಗೆ ಎಂದು ಜನ ಬೆರಗಾದರು. ಗ್ಯಾಲನ್ ನರವನ್ನು ತೋರಿಸಿದ ಮೇಲೆ ಬೆರಗು ಹೋಯಿತು.

ಓದುಗರೇ, ಈ ಸಾಲುಗಳನ್ನು ಓದಿದಾಗ ನನಗೆ ನಮ್ಮ ಮುಅಝ್ಝಿನ್ ಸಾಹೇಬರ ಮುಖ ಕಣ್ಣ ಮುಂದೆ ಬಂತು. ಅದೇ ಕುತ್ತಿಗೆಯ ಗಂಟು, ಅದೇ ನರ, ಊರವರದ್ದೂ ಅದೇ ಬೆರಗು. ನಡುವೆ ಹದಿನೆಂಟು ಶತಮಾನಗಳು.

ಬಗ್ದಾದಿನ ಕೆಲಸ

ರೋಮ್ ಸಾಮ್ರಾಜ್ಯ ಕುಸಿಯಿತು. ಪಶ್ಚಿಮ ಯುರೋಪಿನಲ್ಲಿ ಗ್ರೀಕ್ ಓದಬಲ್ಲವರು ವಿರಳವಾದರು. ಗ್ಯಾಲನರ ಗ್ರಂಥಗಳನ್ನು ಉಳಿಸಿ ಬೆಳೆಸಿದ ದೊಡ್ಡ ಕೆಲಸ ನಡೆದದ್ದು ಅಬ್ಬಾಸೀ ಖಲೀಫರ ಬಗ್ದಾದಿನಲ್ಲಿ. ಆ ಕೆಲಸದ ನಾಯಕ ಹುನೈನ್ ಇಬ್ನ್ ಇಸ್ಹಾಕ್ (809–873). ಇವರು ಹೀರಾ ಪಟ್ಟಣದ ಅರಬ್ ಕ್ರೈಸ್ತರು. ಮುಸ್ಲಿಮ್ ಆಡಳಿತಗಾರರೂ ವಿದ್ವತ್ ಪ್ರೇಮಿಗಳೂ ಅವರಿಗೆ ಹಣ ಕೊಟ್ಟರು, ಮಾನ ಕೊಟ್ಟರು, ಕೆಲಸ ಕೊಟ್ಟರು. ಧರ್ಮ ಬೇರೆಯೆಂಬುದು ಅದಕ್ಕೆ ಅಡ್ಡಿಯಾಗಲಿಲ್ಲ.

ಹುನೈನರು ಕೆಲಸ ಮಾಡುತ್ತಿದ್ದ ರೀತಿ ಇಂದಿಗೂ ಮಾದರಿ. ಒಂದು ಗ್ರಂಥಕ್ಕೆ ಸಿಗುವ ಹಸ್ತಪ್ರತಿಗಳನ್ನೆಲ್ಲ ಕೂಡಿಸಿ, ಒಂದರೊಡನೆ ಒಂದನ್ನು ಹೋಲಿಸಿ, ಪಾಠ ಶುದ್ಧ ಮಾಡಿಕೊಂಡ ಮೇಲೆಯೇ ಅನುವಾದಕ್ಕೆ ಕೂರುತ್ತಿದ್ದರು. ಗ್ಯಾಲನರ ಒಂದೇ ಒಂದು ಗ್ರಂಥಕ್ಕಾಗಿ ಅವರು ಇರಾಕ್, ಸಿರಿಯಾ, ಫೆಲೆಸ್ತೀನ್ ಸುತ್ತಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದವರೆಗೆ ಹೋದರು. ಕೊನೆಗೆ ಡಮಾಸ್ಕಸ್‌ನಲ್ಲಿ ಸಿಕ್ಕಿದ್ದು ಅರ್ಧ ಮಾತ್ರ. ಗ್ಯಾಲನರ ಯಾವ ಗ್ರಂಥವನ್ನು ಯಾರು ಅನುವಾದಿಸಿದರು, ಯಾವುದು ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು 129 ಗ್ರಂಥಗಳ ಪಟ್ಟಿಯನ್ನೇ ಬರೆದಿಟ್ಟರು.

ನಮ್ಮ ಕಥೆಗೆ ಬಹಳ ಮುಖ್ಯವಾದ ಸಂಗತಿ ಇಲ್ಲಿದೆ. ಅಂಗರಚನೆಯನ್ನು ಕೊಯ್ದು ನೋಡುವ ಕ್ರಮವನ್ನು ಕುರಿತ ಗ್ಯಾಲನರ ದೊಡ್ಡ ಗ್ರಂಥ 15 ಭಾಗಗಳದ್ದು. ಅದರ ಗ್ರೀಕ್ ಮೂಲ ಇಂದು ಉಳಿದಿರುವುದು ಒಂಬತ್ತನೆಯ ಭಾಗದ ಆರಂಭದವರೆಗೆ ಮಾತ್ರ. ಧ್ವನಿಪೆಟ್ಟಿಗೆಯನ್ನು ವಿವರಿಸುವುದು ಹನ್ನೊಂದನೆಯ ಭಾಗ, ಮೆದುಳಿನಿಂದ ಹೊರಡುವ ನರಗಳನ್ನು ವಿವರಿಸುವುದು ಹದಿನಾಲ್ಕನೆಯ ಭಾಗ. ಇವೆರಡರ ಗ್ರೀಕ್ ಮೂಲ ಕಳೆದುಹೋಗಿದೆ. ಹುನೈನರ ಬಳಗದಲ್ಲಿ, ಅವರ ಸೋದರಳಿಯ ಹುಬೈಶ್ ಮುಂತಾದವರ ಶ್ರಮದಿಂದ ಸಿದ್ಧವಾದ ಅರಬಿ ಅನುವಾದ ಮಾತ್ರ ಉಳಿದುಕೊಂಡಿದೆ. ಯುರೋಪಿನ ವಿದ್ವಾಂಸರು 1906ರಲ್ಲಿ ಈ ಭಾಗಗಳನ್ನು ಅಚ್ಚು ಹಾಕಿಸಿ ಜರ್ಮನ್ ಭಾಷೆಗೆ ತಂದದ್ದು ಅರಬಿಯಿಂದಲೇ.

ಕಂಡುಹಿಡಿದದ್ದು ಒಬ್ಬ ಗ್ರೀಕ್, ಅನುವಾದಿಸಿದ್ದು ಒಬ್ಬ ಕ್ರೈಸ್ತ, ಆಸರೆಯಾದದ್ದು ಮುಸ್ಲಿಮ್ ಸಮಾಜ, ಕಾಪಾಡಿದ್ದು ಅರಬಿ ಭಾಷೆ. ಇದರಲ್ಲಿ ಯಾವುದನ್ನು ಬಿಟ್ಟು ಹೇಳಿದರೂ ಅದು ಅಮಾನತ್ತಿಗೆ ಮಾಡಿದ ದ್ರೋಹವಾಗುತ್ತದೆ.

ಇಬ್ನ್ ಸೀನಾ: ರಾಜಿಅ್ ಎಂಬ ಹೆಸರು

ಇಬ್ನ್ ಸೀನಾ (980–1037) ಅವರ 'ಅಲ್-ಕಾನೂನ್ ಫಿತ್ತಿಬ್ಬ್' ಐದು ಸಂಪುಟಗಳ ಗ್ರಂಥ. ಮೊದಲ ಸಂಪುಟದಲ್ಲೇ ಎಲುಬು, ಸ್ನಾಯು, ನರಗಳ ರಚನೆಯನ್ನು ಸಾಲಾಗಿ ಹೇಳುತ್ತಾರೆ. ಕುತ್ತಿಗೆ, ನಾಲಿಗೆ, ಧ್ವನಿಪೆಟ್ಟಿಗೆಗಳ ಸ್ನಾಯುಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಎದೆಗೆ ಇಳಿದು ಮರಳುವ ಆ ನರವೂ ಅಲ್ಲಿದೆ. ಅದರ ಹೆಸರು 'ಅಲ್-ಅಸಬ್ ಅರ್-ರಾಜಿಅ್', ಅಂದರೆ ಮರಳುವ ನರ. ಸಾವಿನ ಸುದ್ದಿ ಕೇಳಿದಾಗ ನಮ್ಮ ನಾಲಿಗೆಯ ಮೇಲೆ ತಾನಾಗಿ ಬರುವ ಮಾತಿನ ಕೊನೆಯಲ್ಲಿ 'ರಾಜಿಊನ್' ಎಂಬ ಪದವಿದೆಯಲ್ಲ, ಅದೂ ಇದೂ ಒಂದೇ ಮೂಲದವು.

ಗಂಟಲಿನ ಎಲುಬು, ಮೃದ್ವಸ್ಥಿಗಳ ಹೆಸರುಗಳೂ ಸ್ವಾರಸ್ಯವಾಗಿವೆ. ನಾಲಿಗೆಯ ಬುಡದ ಸಣ್ಣ ಎಲುಬಿಗೆ 'ಲಾಮೀ' ಎಂದರು, ಗ್ರೀಕರ ಲಾಮ್ ಅಕ್ಷರದ ಆಕಾರ ಎಂದು. ಗಂಟಲಮಣಿಯಾಗಿ ಮುಂದೆ ಚಾಚುವ ಮೃದ್ವಸ್ಥಿಗೆ 'ದರಕೀ' ಎಂದರು, ಗುರಾಣಿಯಂತಿದೆ ಎಂದು. ಥೈರಾಯ್ಡ್ ಎಂಬ ಗ್ರೀಕ್ ಪದದ ಅರ್ಥವೂ ಗುರಾಣಿಯಂಥದ್ದು ಎಂದೇ. ಉಂಗುರದಂಥ ಮೃದ್ವಸ್ಥಿಗೆ 'ಹೆಸರಿಲ್ಲದ್ದು' ಎಂದೇ ಹೆಸರಿಟ್ಟರು.

ಇಬ್ನ್ ಸೀನಾ ಇನ್ನೊಂದು ಪುಟ್ಟ ಗ್ರಂಥವನ್ನೂ ಬರೆದಿದ್ದಾರೆ. ಅಕ್ಷರಗಳ ಧ್ವನಿ ಹುಟ್ಟುವುದು ಹೇಗೆ ಎಂಬುದು ಅದರ ವಿಷಯ. ಮದ್ರಸಾದಲ್ಲಿ ತಜ್ವೀದ್ ಕಲಿತ ನಮ್ಮ ಮಕ್ಕಳಿಗೆ ಇದು ಹತ್ತಿರದ ವಿಚಾರ. ಹಂಝಾ ಮತ್ತು ಹಾ ಗಂಟಲಿನ ತಳದಿಂದ, ಐನ್ ಮತ್ತು ಹ್ಹಾ ನಡುವಿನಿಂದ, ಗೈನ್ ಮತ್ತು ಖಾ ಮೇಲಿನಿಂದ ಬರಬೇಕು ಎಂದು ಉಸ್ತಾದರು ಬಾಯಿಪಾಠ ಮಾಡಿಸುತ್ತಾರೆ. ಎಂಟನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ತಮ್ಮ ನಿಘಂಟಿನಲ್ಲಿ ಅಕ್ಷರಗಳನ್ನು ಗಂಟಲಿನಿಂದ ತುಟಿಯವರೆಗೆ ಜೋಡಿಸಿ, ಐನ್‌ನಿಂದ ಆರಂಭಿಸಿದ್ದರು. ಭಾಷಾಪಂಡಿತರು ಕಿವಿಯಿಂದ ಗುರುತಿಸಿದ ಈ ಜಾಗಗಳ ಪಕ್ಕದಲ್ಲಿ ಇಬ್ನ್ ಸೀನಾ ವೈದ್ಯರ ಅಂಗರಚನೆಯನ್ನು ಇಟ್ಟರು. ಆ ಪುಟ್ಟ ಗ್ರಂಥದಲ್ಲಿ ಧ್ವನಿಪೆಟ್ಟಿಗೆ ಮತ್ತು ನಾಲಿಗೆಯ ರಚನೆಗೆ ಒಂದು ಅಧ್ಯಾಯ, ಒಂದೊಂದು ಅರಬಿ ಅಕ್ಷರವೂ ಹುಟ್ಟುವ ಬಗೆಗೆ ಮತ್ತೊಂದು ಅಧ್ಯಾಯ. ಆ ನರದ ಮೊದಲ ವಿವರ ಗ್ಯಾಲನರದ್ದೇ. ಇಬ್ನ್ ಸೀನಾ ಅದನ್ನು ಅಡಕವಾಗಿ, ಕಲಿಯುವವರಿಗೆ ದಾರಿ ತಪ್ಪದಂತೆ ಜೋಡಿಸಿದರು. ಧ್ವನಿಯ ವಿಜ್ಞಾನಕ್ಕೆ ತಮ್ಮದೇ ಪಾಲನ್ನೂ ಸೇರಿಸಿದರು.

ಅಂದಲೂಸಿನ ಇಬ್ಬರು ಶಸ್ತ್ರವೈದ್ಯರು

ಓದಿದ್ದನ್ನು ಕೈಯಲ್ಲಿ ಮಾಡಿ ನೋಡಿದವರು ಸ್ಪೇನಿನ ಮುಸ್ಲಿಮ್ ವೈದ್ಯರು. ಕುರ್ತುಬಾ ಬಳಿಯ ಮದೀನತುಝ್ಝಹ್ರಾದ ಅಬುಲ್ ಕಾಸಿಮ್ ಅಝ್ಝಹ್ರಾವೀ ಸುಮಾರು 1013ರಲ್ಲಿ ತೀರಿಕೊಂಡವರು. ಅವರ 'ಅತ್ತಸ್ರೀಫ್' 30 ಭಾಗಗಳ ಗ್ರಂಥ. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಯದ್ದು. ಅದರ ಮುನ್ನುಡಿಯಲ್ಲೇ ಅವರು ಓದುಗನನ್ನು ಬೆಚ್ಚಿಸುವ ಘಟನೆಯೊಂದನ್ನು ಹೇಳುತ್ತಾರೆ. ಅರಿವಿಲ್ಲದ ವೈದ್ಯನೊಬ್ಬ ಒಬ್ಬ ಮಹಿಳೆಯ ಕುತ್ತಿಗೆಯ ಗಂಟನ್ನು ಕೊಯ್ಯಲು ಹೋಗಿ ಪಧಮನಿಗಳನ್ನು ಕತ್ತರಿಸಿದ. ಆಕೆ ರಕ್ತ ಸುರಿದು ಅವನ ಕೈಯಲ್ಲೇ ಪ್ರಾಣ ಬಿಟ್ಟಳು. ಇದನ್ನು ತಾವೇ ಕಂಡದ್ದೆಂದು ಬರೆದು, ಅಂಗರಚನೆ ತಿಳಿಯದವನು ಚಾಕು ಹಿಡಿದರೆ ಜನರನ್ನು ಕೊಲ್ಲುತ್ತಾನೆ ಎಂದು ಎಚ್ಚರಿಸುತ್ತಾರೆ. ಕುತ್ತಿಗೆಯ ಗಂಟು ತೆಗೆಯುವಾಗ ರಕ್ತನಾಳವನ್ನಾಗಲಿ ನರವನ್ನಾಗಲಿ ಕತ್ತರಿಸದಂತೆ ನಿಧಾನವಾಗಿ ಬಿಡಿಸಬೇಕೆಂಬ ಬುದ್ಧಿಮಾತೂ ಅವರದ್ದು. ಗಳಗಂಡದಲ್ಲಿ ಯಾವುದಕ್ಕೆ ಕೈ ಹಾಕಬಹುದು, ಯಾವುದನ್ನು ಮುಟ್ಟಲೇಬಾರದು ಎಂದೂ ಬೇರ್ಪಡಿಸಿದರು.

ಅವರೇ ಬರೆದ ಇನ್ನೊಂದು ಘಟನೆ ಹೀಗಿದೆ. ದಾಸಿ ಹುಡುಗಿಯೊಬ್ಬಳು ಚಾಕುವಿನಿಂದ ತನ್ನ ಗಂಟಲನ್ನೇ ಕುಯ್ದುಕೊಂಡಿದ್ದಳು. ಝಹ್ರಾವೀ ಹೋಗಿ ನೋಡಿದರೆ ಗಾಯದಿಂದ ಉಸಿರು ಸದ್ದು ಮಾಡುತ್ತಾ ಹೊರಬರುತ್ತಿತ್ತು. ಆದರೆ ದೊಡ್ಡ ರಕ್ತನಾಳ ತುಂಡಾಗಿರಲಿಲ್ಲ. ಹೊಲಿಗೆ ಹಾಕಿ ಆರೈಕೆ ಮಾಡಿದರು. ಹುಡುಗಿ ಬದುಕಿದಳು, ಧ್ವನಿ ಸ್ವಲ್ಪ ಒಡೆದಿತ್ತು ಅಷ್ಟೇ. ಉಸಿರುಕಟ್ಟಿದವರ ಶ್ವಾಸನಾಳವನ್ನು ಸೀಳಿ ದಾರಿ ಮಾಡಿಕೊಡುವುದು ಹಳೆಯ ಗ್ರಂಥಗಳಲ್ಲಿ ಇತ್ತು. ತಮ್ಮ ನಾಡಿನಲ್ಲಿ ಅದನ್ನು ಮಾಡಿದವರಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ ಝಹ್ರಾವೀ, ಈ ಹುಡುಗಿಯನ್ನು ಕಂಡ ಮೇಲೆ ಅದರಲ್ಲಿ ಅಪಾಯವಿಲ್ಲ ಎಂಬ ನಿರ್ಧಾರಕ್ಕೆ ಬಂದರು.

ಅದನ್ನು ಪರೀಕ್ಷಿಸಿ ನೋಡಿದವರು 1162ರಲ್ಲಿ ತೀರಿಕೊಂಡ ಸೆವಿಲ್‌ನ ಇಬ್ನ್ ಝುಹ್ರ್. ಮನುಷ್ಯರ ಮೇಲೆ ಮಾಡುವ ಮೊದಲು ಮೇಕೆಯೊಂದರ ಶ್ವಾಸನಾಳದಲ್ಲಿ ಕಾಳಿನ ಗಾತ್ರಕ್ಕೂ ಕಡಿಮೆ ರಂಧ್ರ ಮಾಡಿದರು. ಗಾಯವನ್ನು ಜೇನು ಬೆರೆಸಿದ ನೀರಿನಿಂದ ತೊಳೆಯುತ್ತಾ ಬಂದರು. ಗಾಯ ಮಾಯಿತು, ಮೇಕೆ ಬಹುಕಾಲ ಬದುಕಿತು. ಗಂಟಲಿನಲ್ಲಿ ತೂತು ಮಾಡಿ ಪ್ರಾಣ ಉಳಿಸುವ ಆ ಕೆಲಸ ಇಂದು ನಮ್ಮ ಐಸಿಯುಗಳಲ್ಲಿ ದಿನನಿತ್ಯದ್ದು.

ಗುರುವಿನ ತಪ್ಪು ತಿದ್ದಿದ ಶಿಷ್ಯ

ಪಡೆದುಕೊಂಡದ್ದನ್ನು ಕಣ್ಣು ಮುಚ್ಚಿ ಒಪ್ಪಲೂ ಇಲ್ಲ. ಇಬ್ನ್ ಝುಹ್ರ್ ತೀರಿಕೊಂಡ 1162ರಲ್ಲೇ ಬಗ್ದಾದಿನಲ್ಲಿ ಅಬ್ದುಲ್ಲತೀಫ್ ಹುಟ್ಟಿದರು. 1200ರ ಹೊತ್ತಿಗೆ ಈಜಿಪ್ಟಿನಲ್ಲಿ ಭೀಕರ ಬರ ಬಿತ್ತು. ಕೈರೋ ಸಮೀಪದ ಮಕ್ಸ್ ಎಂಬಲ್ಲಿ ಸತ್ತವರ ಎಲುಬುಗಳು ಗುಡ್ಡೆ ಬಿದ್ದಿವೆ ಎಂದು ಕೇಳಿ ಅಬ್ದುಲ್ಲತೀಫ್ ಅಲ್ಲಿಗೆ ಹೋದರು. ಕೆಳದವಡೆ ಎರಡು ಎಲುಬುಗಳಿಂದಾದದ್ದು ಎಂದು ಗ್ಯಾಲನ್ ಬರೆದಿದ್ದರು, ಸಾವಿರ ವರ್ಷ ಎಲ್ಲರೂ ಹಾಗೆಯೇ ಹೇಳುತ್ತಾ ಬಂದಿದ್ದರು. ಅಬ್ದುಲ್ಲತೀಫ್ ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ತಿರುಗಿಸಿ ನೋಡಿದರು. ಜೋಡಣೆಯ ಗುರುತು ಒಂದರಲ್ಲೂ ಇರಲಿಲ್ಲ. ಕೆಳದವಡೆ ಒಂದೇ ಎಲುಬು. ಗ್ಯಾಲನ್ ದೊಡ್ಡವರೇ, ಆದರೆ ಕಣ್ಣಿನ ಸಾಕ್ಷ್ಯ ಅವರ ಮಾತಿಗಿಂತ ದೊಡ್ಡದು ಎಂಬರ್ಥದಲ್ಲಿ ಬರೆದರು. ಕಣ್ಣನ್ನು ನಂಬಬೇಕೇ ಎಂದು ರೋಮ್‌ನಲ್ಲಿ ಎದ್ದಿದ್ದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವುದು?

ಎಲ್ಲ ತಪ್ಪುಗಳನ್ನೂ ನಮ್ಮವರೇ ತಿದ್ದಿದರು ಎಂದಲ್ಲ. ಮೆದುಳಿನಿಂದ ಏಳು ಜೊತೆ ನರಗಳು ಹೊರಡುತ್ತವೆ ಎಂಬ ಗ್ಯಾಲನರ ಲೆಕ್ಕವನ್ನೇ ಇಬ್ನ್ ಸೀನಾ ಇಟ್ಟುಕೊಂಡರು. ಧ್ವನಿಯ ನರ ಆ ಲೆಕ್ಕದಲ್ಲಿ ಆರನೆಯ ಜೊತೆಯದ್ದು. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಒಂಬತ್ತು ಜೊತೆ ಎಂದರು. 1778ರಲ್ಲಿ ಜರ್ಮನಿಯ ಸೊಮ್ಮರಿಂಗ್ ಹನ್ನೆರಡು ಜೊತೆ ಎಂದು ಎಣಿಸಿದರು. ಇಂದು ವೈದ್ಯ ವಿದ್ಯಾರ್ಥಿಗಳು ಕಲಿಯುವುದು ಅದನ್ನೇ. ನಮ್ಮ ಧ್ವನಿಯ ನರ ಈಗ ಹತ್ತನೆಯ ಜೊತೆಯ ಕವಲು.

ಮತ್ತೆ ಪಶ್ಚಿಮಕ್ಕೆ

ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಕುಳಿತು ಕ್ರೆಮೊನಾದ ಜೆರಾರ್ಡ್ ಎಂಬ ಇಟಲಿಯ ವಿದ್ವಾಂಸ ಇಬ್ನ್ ಸೀನಾರ ಕಾನೂನನ್ನೂ ಝಹ್ರಾವಿಯವರ ಶಸ್ತ್ರಚಿಕಿತ್ಸೆಯ ಭಾಗವನ್ನೂ ಅರಬಿಯಿಂದ ಲ್ಯಾಟಿನ್‌ಗೆ ತಂದರು. ಅದು ಕಳವಲ್ಲ. ಹುನೈನರು ಗ್ರೀಕ್ ಗ್ರಂಥಗಳಿಗಾಗಿ ಊರೂರು ಅಲೆದಂತೆ ಜೆರಾರ್ಡ್ ಅರಬಿ ಗ್ರಂಥಗಳಿಗಾಗಿ ಊರು ಬಿಟ್ಟು ಬಂದಿದ್ದರು. ಮರಳುವ ನರಕ್ಕೆ ಮಧ್ಯಯುಗದ ಲ್ಯಾಟಿನ್ ಪುಸ್ತಕಗಳಲ್ಲಿ ಸಿಗುವ 'ರಿವರ್ಸಿವಿ' ಎಂಬ ಹೆಸರಿಗೂ 'ರಾಜಿಅ್' ಎಂಬುದಕ್ಕೂ ಅರ್ಥ ಒಂದೇ. ಅದು ಮನೆಯಿಂದ ಹೊರಟು, ದೂರ ಹೋಗಿ, ಬಳಸಿ ಮರಳುವ ನರ. ಅದರ ಅರಿವೂ ಹಾಗೆಯೇ ಗ್ರೀಕಿನಿಂದ ಅರಬಿಗೆ, ಅರಬಿಯಿಂದ ಲ್ಯಾಟಿನ್‌ಗೆ ಬಳಸಿ ಹೋಯಿತು.

ಆದರೂ ಥೈರಾಯ್ಡ್ ಆಪರೇಷನ್ ಹತ್ತೊಂಬತ್ತನೆಯ ಶತಮಾನದವರೆಗೂ ಸಾವಿನ ಬಾಗಿಲೇ ಆಗಿತ್ತು. ರಕ್ತ ಸುರಿದು, ಕೀವಾಗಿ ರೋಗಿಗಳು ಸಾಯುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಥಿಯೋಡೋರ್ ಕೊಖರ್ ಒಂದೊಂದೇ ರಕ್ತನಾಳವನ್ನು ಕಟ್ಟುತ್ತಾ, ಶುಚಿತ್ವ ಕಾಪಾಡುತ್ತಾ, ಸಾವಿರಾರು ಜನರಿಗೆ ಆಪರೇಷನ್ ಮಾಡಿ ಸಾವಿನ ಪ್ರಮಾಣವನ್ನು ನೂರಕ್ಕೆ ಒಂದಕ್ಕಿಂತ ಕೆಳಗೆ ತಂದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ಇಡೀ ಗ್ರಂಥಿಯನ್ನೇ ತೆಗೆದರೆ ರೋಗಿಯ ದೇಹವೂ ಬುದ್ಧಿಯೂ ಜಡವಾಗುತ್ತದೆ ಎಂದು ತಮ್ಮದೇ ರೋಗಿಗಳನ್ನು ಮರಳಿ ಪರೀಕ್ಷಿಸಿ ಕಂಡುಕೊಂಡು, 1883ರಲ್ಲಿ ತಮ್ಮ ತಪ್ಪನ್ನು ತಾವೇ ಬಹಿರಂಗವಾಗಿ ಹೇಳಿದವರೂ ಅವರೇ.

ನರದ ವಿಷಯದಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಅದರ ಹತ್ತಿರ ಹೋಗದಿದ್ದರೆ ಅದು ಸುರಕ್ಷಿತ ಎಂದು ಅನೇಕ ವೈದ್ಯರು ನಂಬಿದ್ದರು. 1938ರಲ್ಲಿ ಅಮೆರಿಕದ ಬೋಸ್ಟನ್‌ನ ಫ್ರಾಂಕ್ ಲೇಹಿ ಅದಕ್ಕೆ ತದ್ವಿರುದ್ಧವಾದ ಮಾತು ಹೇಳಿದರು. ಪ್ರತಿ ಆಪರೇಷನ್‌ನಲ್ಲೂ ನರವನ್ನು ಹುಡುಕಿ, ಬಿಡಿಸಿ, ಕಣ್ಣಾರೆ ಕಾಣಬೇಕು; ಕಂಡದ್ದನ್ನು ಮಾತ್ರ ಕಾಪಾಡಲು ಸಾಧ್ಯ. ಇಂದು ಅದೇ ಒಪ್ಪಿತ ಕ್ರಮ. ಕೆಲವು ಆಸ್ಪತ್ರೆಗಳಲ್ಲಿ ನರಕ್ಕೆ ಸಣ್ಣ ವಿದ್ಯುತ್ ಸೋಕಿಸಿ ಅದು ಕೆಲಸ ಮಾಡುತ್ತಿದೆಯೇ ಎಂದು ಆಪರೇಷನ್ ನಡುವೆಯೇ ತಿಳಿಯುವ ಉಪಕರಣವೂ ಇದೆ. ಅನುಭವಿಗಳ ಕೈಯಲ್ಲಿ ಶಾಶ್ವತ ಹಾನಿ ನೂರಕ್ಕೆ ಒಂದೆರಡು ಮಾತ್ರ. ಆದರೆ ಆ ಒಬ್ಬರು ಮುಅಝ್ಝಿನ್ ಆಗಿರಬಹುದು, ಶಾಲೆಯ ಟೀಚರ್ ಆಗಿರಬಹುದು, ಮಗುವಿಗೆ ಜೋಗುಳ ಹಾಡುವ ತಾಯಿ ಆಗಿರಬಹುದು.

ನಾವು ಮಾಡಬೇಕಾದದ್ದು

ಥೈರಾಯ್ಡ್ ಆಪರೇಷನ್ ಅಗತ್ಯವಿದೆ ಎಂದು ವೈದ್ಯರು ಹೇಳಿದರೆ ಭಯದಿಂದ ಓಡಬೇಡಿ. ಗಂಟನ್ನು ಹಾಗೆಯೇ ಬಿಡುವುದರಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇರಬಹುದು. ಆದರೆ ಕೇಳಿ. ಧ್ವನಿಯ ನರದ ಬಗ್ಗೆ ವಿಚಾರಿಸಿ, ಇಂಥ ಆಪರೇಷನ್‌ಗಳನ್ನು ಅವರು ಎಷ್ಟು ಮಾಡಿದ್ದಾರೆ ಎಂದು ವಿಚಾರಿಸಿ. ಆಪರೇಷನ್‌ಗೆ ಮೊದಲೂ ನಂತರವೂ ಧ್ವನಿತಂತುಗಳನ್ನು ಕ್ಯಾಮೆರಾದಲ್ಲಿ ನೋಡುತ್ತೀರಾ ಎಂದು ಕೇಳಿ. ಧ್ವನಿಯಿಂದಲೇ ದುಡಿಯುವವರಾದರೆ ಅದನ್ನು ಮೊದಲೇ ಹೇಳಿ. ಪ್ರಶ್ನೆ ಕೇಳುವುದು ವೈದ್ಯರಿಗೆ ಮಾಡುವ ಅವಮಾನವಲ್ಲ.

ಧ್ವನಿ ಒಡೆದು ಮೂರು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿ. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವಿರುವವರಂತೂ ತಡ ಮಾಡಲೇಬಾರದು. ಎಡಬದಿಯ ನರ ಎದೆಯೊಳಗೆ ಇಳಿದು ಬರುವುದರಿಂದ, ಕೆಲವೊಮ್ಮೆ ಶ್ವಾಸಕೋಶದ ಕಾಯಿಲೆಯ ಮೊದಲ ಸುಳಿವು ಒಡೆದ ಧ್ವನಿಯೇ ಆಗಿರುತ್ತದೆ. ಶುಂಠಿ ಕಷಾಯ, ಜೇನು ಗಂಟಲಿಗೆ ಹಿತ, ಸಂದೇಹವಿಲ್ಲ. ಆದರೆ ನರದ ತೊಂದರೆಯನ್ನು ಅವು ಪತ್ತೆ ಮಾಡಲಾರವು.

ವೈದ್ಯರಾಗಿರುವ ನಮ್ಮ ಸಮುದಾಯದ ತಮ್ಮ ತಂಗಿಯರಿಗೂ ಒಂದು ಮಾತು. ಗೊತ್ತಿರುವುದನ್ನು ರೋಗ ಬಂದವನಿಗೆ ಮುಂಚಿತವಾಗಿ, ಅವನ ಭಾಷೆಯಲ್ಲಿ ಹೇಳುವುದೂ ಚಿಕಿತ್ಸೆಯ ಭಾಗ. ಹುನೈನರು ದೇಶ ಸುತ್ತಿ ತಂದದ್ದು, ಝಹ್ರಾವೀ ಎಚ್ಚರಿಸಿದ್ದು ಕೊನೆಯ ಹೆಜ್ಜೆಯಲ್ಲಿ, ರೋಗಿಯ ಹಾಸಿಗೆಯ ಬಳಿ, ಮಾತಿಲ್ಲದೆ ನಿಂತುಬಿಟ್ಟರೆ ಅಷ್ಟು ದೂರ ನಡೆದು ಬಂದ ಅರಿವಿನಿಂದ ಏನು ಪ್ರಯೋಜನ?

ಆ ಕಾಲೇಜು ಹುಡುಗನಿಗೂ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಇದು ಯಾರದ್ದು, ಚಾಚಾ?" ಎಂದ. "ತಗೊಂಡವರು ಯಾರಿಂದ ತಗೊಂಡೆವು ಅಂತ ಬರೆದಿಟ್ಟರು, ಮುಂದಿನವರಿಗೆ ಕೊಟ್ಟರು. ಈಗ ನಿನ್ನ ಸರದಿ" ಎಂದೆ.

ನಮ್ಮ ಮುಅಝ್ಝಿನ್ ಸಾಹೇಬರ ನರ ತುಂಡಾಗಿರಲಿಲ್ಲ, ಜಜ್ಜಿಹೋಗಿತ್ತು. ಬೇರೆ ಊರಿನ ಗಂಟಲಿನ ವೈದ್ಯರು ಪರೀಕ್ಷಿಸಿ, ಧ್ವನಿ ಅಭ್ಯಾಸ ಮಾಡಿಸುವವರ ಬಳಿ ಕಳಿಸಿದರು. ಆರನೆಯ ತಿಂಗಳಲ್ಲಿ ಮಾತು ಮರಳಿತು. ಮೊದಲಿನ ಏರು ಇಲ್ಲ. ಫಜ್ರ್ ಅಝಾನ್ ಈಗ ಅವರ ಮಗ ಕೊಡುತ್ತಾನೆ. ಅಸರ್ ಹೊತ್ತಿಗೆ ಮಾತ್ರ ಸಾಹೇಬರೇ ಮೈಕ್ ಮುಂದೆ ನಿಲ್ಲುತ್ತಾರೆ. ಆ ಸಣ್ಣ ಧ್ವನಿ ಶುರುವಾದರೆ ಅಂಗಡಿಯವರು ತೂಕ ಮಾಡುವ ಕೈಯನ್ನು ಒಂದು ಕ್ಷಣ ನಿಲ್ಲಿಸುತ್ತಾರೆ.